ಮೊದಲು ತೂತು, ಮಿಕ್ಕದ್ದು ಆಮೇಲೆ

ವಳಸಂಗದ ಕಲ್ಲಣ್ಣನಿಗೆ ಐವತ್ತು ದಾಟಿದ ಮೇಲೆ ಹುಚ್ಚು ಹಿಡಿಯಿತೆಂದು ಊರು ನಂಬಿತ್ತು. ಊರಿನ ತಪ್ಪೇನೂ ಇರಲಿಲ್ಲ. ಎರೆಹೊಲ, ಎರಡು ಜೋಡಿ ಎತ್ತು, ದುಡಿಯಲು ಆಳು, ಬೈಯಲು ಹೆಂಡತಿ, ಇಷ್ಟೆಲ್ಲ ಇದ್ದ ಮನುಷ್ಯ ಪ್ರತಿ ರವಿವಾರ ತೊಳೆದ ಧೋತರ ಉಟ್ಟು ಸೊಲ್ಲಾಪುರದ ಎಸ್ಟಿ ಬಸ್ಸು ಹತ್ತಿ, ಸಂಜೆ ಮೈತುಂಬ ಹೊಟ್ಟು ಮೆತ್ತಿಕೊಂಡು ಇಳಿದರೆ ಜನ ಏನೆಂದು ತಿಳಿಯಬೇಕು? ಕೇಳಿದವರಿಗೆ "ಕೋರ್ಟಿನ ಕೆಲಸ" ಎಂದು ಹೇಳುತ್ತಿದ್ದ. ರವಿವಾರ ಕೋರ್ಟಿಗೆ ಸೂಟಿ ಎಂಬುದು ವಳಸಂಗದ ಎಮ್ಮೆಗಳಿಗೂ ಗೊತ್ತಿತ್ತು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ರೂಢಿ ಬೇಕು. ಕಲ್ಲಣ್ಣನಿಗೆ ಅದೂ ಇರಲಿಲ್ಲ.

ಊರ ಕಟ್ಟೆ ಕೂತು ವಿಚಾರಿಸಿ ತೀರ್ಪು ಕೊಟ್ಟಿತು: ಸೊಲ್ಲಾಪುರದಲ್ಲಿ ಒಬ್ಬಳನ್ನು ಇಟ್ಟುಕೊಂಡಿದ್ದಾನೆ. ಈ ತೀರ್ಪಿನಲ್ಲಿ ಸ್ವಲ್ಪ ಮರ್ಯಾದೆಯೂ ಬೆರೆತಿತ್ತು. ಸ್ವರಾಜ್ಯ ಬಂದು ಏಳೆಂಟು ವರ್ಷವಾದರೂ ಊರಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆದಿರಲಿಲ್ಲ.

ತೀರ್ಪು ಒಪ್ಪದವಳು ಒಬ್ಬಳೇ, ಕಲ್ಲಣ್ಣನ ಹೆಂಡತಿ ಸೋನಾಬಾಯಿ. ಅವಳು ಅಕ್ಕಲಕೋಟ ತಾಲೂಕಿನ ನಾಗಣಸೂರಿನ ಮಗಳು. ಆ ಊರಿನ ನೀರು ಕುಡಿದವರ ನಾಲಿಗೆಗೆ ತುಕ್ಕು ಹಿಡಿಯುವುದಿಲ್ಲ ಎಂದು ಕಲ್ಲಣ್ಣ ಹೇಳುತ್ತಿದ್ದ, ಅವಳು ಕೇಳಿಸಿಕೊಳ್ಳದಷ್ಟು ದೂರದಲ್ಲಿ. ಒಂದು ರವಿವಾರ ಸಂಜೆ ಅವನು ತೆಗೆದಿಟ್ಟ ರುಮಾಲನ್ನು ಅವಳು ಮೂಗಿಗೆ ಹಿಡಿದಳು. ಮಡಿಕೆಯಿಂದ ಒಂದು ಸುರುಳಿ ಚಕ್ಕೆ ಕೆಳಗೆ ಬಿತ್ತು.

"ಹೆಣ್ಣಿನ ವಾಸನಿ ಅಲ್ಲ ಇದು, ಕಟಗಿ ವಾಸನಿ," ಅಂದಳು. "ಖರೇ ಹೇಳ್ರಿ, ಎಲ್ಲಿಗಿ ಹೋಗಾಕತ್ತೀರಿ?"

ಕಲ್ಲಣ್ಣ ಬಗ್ಗಿ ಆ ಚಕ್ಕೆಯನ್ನು ಎತ್ತಿಕೊಂಡ. "ಸಾಲಿಗಿ."

"ಏನಂದ್ರಿ?"

"ಕಟಗಿ ಕೆಲಸದ ಸಾಲಿ. ಲೇಥಿನ ಮ್ಯಾಲ ಕಟಗಿ ತಿರಿವಿ ಸಾಮಾನ ಮಾಡೂದು ಕಲಸ್ತಾರ. ಹೌಸಿ ಮಂದಿಗಿ, ಶೋಕಿಗಿ ಕಲಿಯಾವ್ರಿಗಿ."

"ಪಗಾರ ಏಟು ಕೊಡ್ತಾರ?"

"ಅವ್ರು ಕೊಡೂದಿಲ್ಲ. ಫೀ ನಾನೇ ಕೊಡ್ತೀನಿ."

ಸೋನಾಬಾಯಿ ಹೊಸ್ತಿಲ ಮೇಲೆ ಕೂತುಬಿಟ್ಟಳು. "ದುಡಿಯಾಕ ನೀವೇ ರೊಕ್ಕಾ ಕೊಡ್ತೀರಿ?" ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. "ಇದಕ್ಕಿಂತ ಒಬ್ಬಾಕಿನ್ನ ಇಟ್ಕೊಂಡಿದ್ರ ಛಲೋ ಇತ್ತು ನೋಡ್ರಿ. ಮಂದಿ ಮುಂದ ಹೇಳಾಕರ ಬರ್ತಿತ್ತು."

ನ್ಯಾಯವಾಗಿ ನೋಡಿದರೆ ಇದಕ್ಕೆಲ್ಲ ಕಾರಣ ಅವಳೇ, ಮತ್ತು ಒಂದು ಗೂಟ. ಹೋದ ಬೇಸಗೆಯಲ್ಲಿ ಅಡುಗೆಮನೆಯ ಗೋಡೆಯಿಂದ ಕಡಗೋಲಿನ ಹಗ್ಗ ಕಟ್ಟುವ ಗೂಟ ಕಿತ್ತು ಬಂದಿತ್ತು. ಕಲ್ಲಣ್ಣ ಹೊರಸಿನ ಮೇಲಿಂದ ಏಳದೆ, "ಬಡಿಗ್ಯಾ ಮಾನಪ್ಪನ್ನ ಕರಸ್ತೀನಿ ತಡಿ," ಎಂದಿದ್ದ. ಅವಳು ತಡೆಯಲಿಲ್ಲ. ಅಂಗಳದ ಕಲ್ಲೊಂದನ್ನು ತಂದು ಗೂಟವನ್ನು ತಾನೇ ಬಡಿದು ಕೂಡಿಸಿದಳು. ಆಮೇಲೆ ಕೈ ಝಾಡಿಸಿ ಹೇಳಿದಳು: "ಲಗ್ನ ಆಗಿ ಮೂವತ್ತು ವರ್ಷಾತು. ನಿಮ್ಮ ಕೈಲಿಂದ ಒಂದು ಸಾಮಾನ ಹುಟ್ಟಿದ್ದು ನಾ ನೋಡಿಲ್ಲ."

ಆ ಗೂಟ ಅಲ್ಲಾಡದೆ ನಿಂತಿತು. ನೀರು ಕುಡಿಯಲು ಒಳಗೆ ಹೋದಾಗಲೆಲ್ಲ ಅದು ಕಲ್ಲಣ್ಣನ ಕಣ್ಣಿಗೆ ಬೀಳುತ್ತಿತ್ತು. ಅವನು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಹೊಲ ಅಪ್ಪನದು, ಮನೆ ಅಜ್ಜನದು, ಬೆವರು ಆಳಿನದು; ಈ ಅಂಗೈ ಮಾತ್ರ ತನ್ನದು, ಅದೂ ಬೆಣ್ಣೆಯಷ್ಟು ಮೆತ್ತಗೆ. ಹೆಂಡತಿಯ ಮಾತು ಸುಳ್ಳಾಗಿದ್ದರೆ ಅವನು ನಕ್ಕು ಬಿಡುತ್ತಿದ್ದ. ಖರೆ ಇದ್ದದ್ದರಿಂದ ಅದು ಒಳಗೆ ಹೋಗಿ ಕೂತಿತು. ತನ್ನ ಕೈಯಾರೆ ಒಂದು ಸಾಮಾನು ಮಾಡಬೇಕು, ಅದನ್ನು ಸೋನಾಬಾಯಿ ಬಳಸಬೇಕು, ಬಳಸುವಾಗ ಒಂದು ಕೊಂಕು ಮಾತೂ ಆಡಬಾರದು. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಇದರಲ್ಲಿ ಕಡೆಯದು ಎಲ್ಲಕ್ಕಿಂತ ಕಠಿಣವೆಂದು ಅವನಿಗೂ ಗೊತ್ತಿತ್ತು.

ಎತ್ತುಗಳಿಗೆ ಹಿಂಡಿ ಕೊಳ್ಳಲು ಸೊಲ್ಲಾಪುರಕ್ಕೆ ಹೋದಾಗ ಬಟ್ಟೆ ಗಿರಣಿಗಳ ಹಿಂದಿನ ಓಣಿಯಲ್ಲಿ ಒಂದು ತಗಡಿನ ಛಪ್ಪರದ ಮುಂದೆ ಮರಾಠಿ ಹಲಗೆ ಕಂಡಿತು: ಹೌಸಿ ಜನರಿಗೆ ಕಟ್ಟಿಗೆ ಕೆಲಸ ಕಲಿಸಲಾಗುವುದು, ರವಿವಾರ ಮಾತ್ರ. ಕೆಲಸವಿಲ್ಲದವನಿಗೆ ಹೌಸಿ ಎಂದು ಅಷ್ಟು ಚೆಂದದ ಹೆಸರು ಇರುವುದು ಕಲ್ಲಣ್ಣನಿಗೆ ಆ ದಿನವೇ ತಿಳಿದದ್ದು. ಹಿಂಡಿ ಮರೆತು ಒಳಗೆ ಹೋದ.

ಕಲಿಸುವವನು ಅಮೃತಪ್ಪ. ಹರೆಯದಿಂದ ಮುಪ್ಪಿನವರೆಗೆ ಒಂದು ಗಿರಣಿಯ ಲೇಥಿನ ಮುಂದೆ ನಿಂತು ಬಾಬಿನ್ ಮಾಡಿದವನು, ಅಂದರೆ ನೂಲು ಸುತ್ತುವ ಕಟ್ಟಿಗೆಯ ಉರುಳೆ. ಬಾಬಿನ್ ಬಿಟ್ಟು ಬೇರೇನನ್ನೂ ಮಾಡಿದವನಲ್ಲ. ಕೆಲಸ ಬಿಟ್ಟ ಮೇಲೆ ಕಾಲಿನಿಂದ ತುಳಿಯುವ ಹಳೆಯ ಲೇಥೊಂದನ್ನು ಕೊಂಡು ಈ ಸಾಲೆ ತೆಗೆದಿದ್ದ. ಕಲ್ಲಣ್ಣನ ಹೊರತು ಇನ್ನಿಬ್ಬರು ಕಲಿಯಲು ಬರುತ್ತಿದ್ದರು: ಒಬ್ಬರು ಕೇಸಿಲ್ಲದ ವಕೀಲರು, ಮತ್ತೊಬ್ಬರು ರೋಗಿಗಳಿಲ್ಲದ ಹೋಮಿಯೋಪತಿ ಡಾಕ್ಟರರು. ಮೂವರಿಗೂ ಮೊದಲ ದಿನವೇ ಗುರು ಒಂದು ಮಂತ್ರ ಹೇಳಿಕೊಟ್ಟಿದ್ದ.

"ಆಧೀ ಭೋಕ, ಮಗ ಬಾಕೀ! ಮೊದಲ ತೂತು, ಮಿಕ್ಕದ್ದು ಆಮ್ಯಾಲ. ತಿಳೀತೇನ್ರಿ?"

ಬಾಬಿನ್ನಿಗೆ ನಡುವೆ ತೂತು ಬೇಕು. ಮೊದಲು ಅದನ್ನು ಕೊರೆದು, ಲೇಥಿನ ಕಬ್ಬಿಣದ ಸರಳಿಗೆ ಕಟ್ಟಿಗೆಯನ್ನು ಪೋಣಿಸಿ, ಆಮೇಲೆ ಉಳಿ ಹಿಡಿಯುವುದು ಗಿರಣಿಯ ಪದ್ಧತಿ. ತೂತಿಲ್ಲದ ಕಟ್ಟಿಗೆಯನ್ನು ಅಮೃತಪ್ಪನ ಲೇಥು ಹಿಡಿಯುತ್ತಿರಲಿಲ್ಲ, ಅಮೃತಪ್ಪನ ತಲೆಯೂ ಹಿಡಿಯುತ್ತಿರಲಿಲ್ಲ. ಹೀಗಾಗಿ ಆ ಛಪ್ಪರದಲ್ಲಿ ಹುಟ್ಟಿದ ಸಾಮಾನಿಗೆಲ್ಲ ನಡುವೆ ಆರಪಾರ ತೂತು. ವಕೀಲರು ಮಾಡಿದ ದೌತಿಯಲ್ಲಿ ಶಾಯಿ ನಿಲ್ಲಲಿಲ್ಲ. ಡಾಕ್ಟರರು ಮಾಡಿದ ಖಲಬತ್ತಿನಲ್ಲಿ ಔಷಧ ಅರೆದರೆ ಪುಡಿ ಅವರ ತೊಡೆಯ ಮೇಲೆ ಬಿತ್ತು. ಭೂಮಿಯನ್ನೇ ಅಮೃತಪ್ಪನ ಕೈಗೆ ಕೊಟ್ಟಿದ್ದರೂ ಮೊದಲು ನಡುವೆ ತೂತು ಕೊರೆದು ಆಮೇಲೆ ದುಂಡಗೆ ಮಾಡುತ್ತಿದ್ದ.

ತೂತಿಗೆ ಬಿರಡೆ ಬಡಿದು ಮುಚ್ಚುವುದು ಎರಡನೆಯ ಪಾಠ. "ತೂತು ಯಾರರ ಕೊರೀತಾರ," ಎನ್ನುತ್ತಿದ್ದ ಅಮೃತಪ್ಪ, "ಬಿರಡಿ ಹಾಕೂದು ಖರೆ ಕಲಾ."

ಕಲ್ಲಣ್ಣನಿಗೆ ಮೊದಲ ಕೆಲವು ವಾರ ಕೈ ಕಾಲುಗಳ ನಡುವೆ ಒಪ್ಪಂದವೇ ಆಗಲಿಲ್ಲ. ಕಾಲು ತುಳಿದರೆ ಕೈ ಮರೆಯುತ್ತಿತ್ತು, ಕೈ ಉಳಿ ಒತ್ತಿದರೆ ಕಾಲು ನಿಲ್ಲುತ್ತಿತ್ತು. ಉಳಿ ಕೆಳಗೆ ಬಿದ್ದರೆ ಅಭ್ಯಾಸಬಲದಿಂದ "ಏ, ಯಾರದೀರಲೇ ಅಲ್ಲಿ?" ಎಂದು ಕೂಗುತ್ತಿದ್ದ, ಯಾರೂ ಬರುತ್ತಿರಲಿಲ್ಲ, ತಾನೇ ಬಗ್ಗುತ್ತಿದ್ದ. ಆದರೆ ಒಂದು ರವಿವಾರ ಉಳಿಯ ಬಾಯಿಂದ ಚಕ್ಕೆ ತುಂಡಾಗದೆ, ಉದ್ದಕ್ಕೆ ಸುರುಳಿಯಾಗಿ ಅವನ ಮುಂಗೈ ಮೇಲೆ ಹರಿದು ಬಂತು. ಬೆಚ್ಚಗಿತ್ತು. ಕಲ್ಲಣ್ಣನಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಆ ಚಕ್ಕೆಯನ್ನೇ ಅವನು ರುಮಾಲಿನ ಮಡಿಕೆಯಲ್ಲಿ ಇಟ್ಟುಕೊಂಡು ಬಂದದ್ದು, ಸೋನಾಬಾಯಿಯ ಮೂಗಿಗೆ ಸಿಕ್ಕಿಬಿದ್ದದ್ದು.

ಗುಟ್ಟು ಬಯಲಾದ ಮೇಲೆ ಮುಚ್ಚುಮರೆ ಉಳಿಯಲಿಲ್ಲ. ಮುಂದಿನ ರವಿವಾರ ಕಲ್ಲಣ್ಣ ಕಾಗದದಲ್ಲಿ ಸುತ್ತಿದ ಸಾಮಾನೊಂದನ್ನು ತಂದು ಹೆಂಡತಿಯ ಮುಂದೆ ಇಟ್ಟ. ಲಟ್ಟಣಿಗೆ. ಮೂರು ಹೊತ್ತೂ ಕೈಯಿಂದ ರೊಟ್ಟಿ ಬಡಿಯುವ ಮನೆಯಲ್ಲಿ ಲಟ್ಟಣಿಗೆಗೆ ಏನು ಕೆಲಸವೆಂದು ಅವನಿಗೆ ಹೊಳೆದಿರಲಿಲ್ಲ. ಐವತ್ತು ವರ್ಷ ರೊಟ್ಟಿ ತಿಂದಿದ್ದ, ಬಡಿಯುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಸೋನಾಬಾಯಿ ಅದನ್ನು ತಿರುವಿ ನೋಡಿದಳು. ಆ ತುದಿಯಿಂದ ಈ ತುದಿಗೆ ತೂತು. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ಲಟ್ಟಣಿಗೆ ಹಚ್ಚಿ ಗಂಡನತ್ತ ತಿರುಗಿಸಿದಳು.

"ಇದರಾಗಿಂದ ನಿಮ್ಮ ಮಾರಿ ಛಲೋ ಕಾಣ್ತದ," ಅಂದಳು. "ಸ್ವಲ್ಪೇ ಕಾಣ್ತದಲ್ಲ, ಅದಕ್ಕ."

ಮರುದಿನ ಬೆಳಿಗ್ಗೆ ಕಲ್ಲಣ್ಣ ಒಳಗೆ ಹೋದಾಗ ಅವಳು ಒಲೆಯ ಮುಂದೆ ಕೂತು ಲಟ್ಟಣಿಗೆಯನ್ನು ಬಾಯಿಗಿಟ್ಟು ಊದುತ್ತಿದ್ದಳು. ಕೆಂಡ ಭಗ್ಗನೆ ಹೊತ್ತಿತು.

"ಅದು ಲಟ್ಟಣಗಿ," ಎಂದ ಕಲ್ಲಣ್ಣ ನೊಂದು.

"ಮಾಡೂ ಮುಂದ ಲಟ್ಟಣಗಿ ಇತ್ತು. ಆದ ಮ್ಯಾಲ ಊದುಗೊಳವಿ ಆಗ್ಯಾದ. ಹೊಂಟದ್ದು ಪಂಢರಪುರಕ್ಕ, ಮುಟ್ಟಿದ್ದು ಬಾರ್ಶಿ. ಇರಲಿ ಬಿಡ್ರಿ, ಹಳೀ ಕೊಳವಿಗಿಂತ ಗಾಳಿ ಛಲೋ ಬರ್ತದ."

ಅವಳು ಅದನ್ನು ದಿನಾ ಬಳಸಿದಳು, ಬಳಸುವಾಗ ದಿನಾ ಒಂದು ಮಾತು ಆಡಿದಳು. ಓಣಿಯ ಹೆಂಗಸರನ್ನು ಕರೆದು ತೋರಿಸಿದಳು. ನಗುವುದಕ್ಕೆಂದೇ ಕರೆದಿದ್ದರೂ, ತೋರಿಸುವಾಗ ಸೆರಗಿನಿಂದ ಅದರ ಮಸಿ ಒರೆಸುತ್ತಿದ್ದಳು. ಅದನ್ನು ಕಲ್ಲಣ್ಣ ನೋಡಲಿಲ್ಲ. ಅವನಿಗೆ ಕೊಂಕು ಮಾತ್ರ ಕೇಳಿತು. ಅರ್ಧ ಆಸೆ ತೀರಿತು, ಅರ್ಧ ಉಳಿಯಿತು.

ಹೆಂಗಸರ ಬಾಯಿಂದ ಸುದ್ದಿ ಬಡಿಗ ಮಾನಪ್ಪನ ಕಿವಿಗೆ ಹೋಯಿತು. ಅಲ್ಲಿಗೆ ತಲುಪುವ ಹೊತ್ತಿಗೆ ಅದರಲ್ಲಿ ನಗು ಉಳಿದಿರಲಿಲ್ಲ. ವಳಸಂಗದಲ್ಲಿ ಬಡಿಗನಿಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ. ವರ್ಷಪೂರ್ತಿ ಅವನು ರೈತರ ನೇಗಿಲು, ಕುಂಟೆ, ಕೂರಿಗೆ ರಿಪೇರಿ ಮಾಡಬೇಕು. ಸುಗ್ಗಿಯಲ್ಲಿ ರೈತರು ತಮ್ಮ ರಾಶಿಯಿಂದ ಅವನ ಪಾಲಿನ ಜೋಳ ಅಳೆದು ಕೊಡಬೇಕು. ಅದಕ್ಕೆ ಆಯ ಎಂದು ಹೆಸರು. ಮಾನಪ್ಪನ ಅಪ್ಪ, ಅಜ್ಜ ಎಲ್ಲ ಅದನ್ನೇ ಉಂಡವರು. ಈಗ ಇದ್ದಕ್ಕಿದ್ದಂತೆ ಊರಿನ ದೊಡ್ಡ ರೈತನೊಬ್ಬ ರೊಕ್ಕ ಕೊಟ್ಟು ಬಡಿಗತನ ಕಲಿಯುತ್ತಿದ್ದಾನೆಂದರೆ ಏನರ್ಥ? ಹೌಸಿ ಎಂಬ ಮಾತು ಮಾನಪ್ಪ ಕೇಳಿದವನಲ್ಲ. ಬೇಡವಾದ ಕೆಲಸವನ್ನು ಸುಮ್ಮನೆ ಯಾರೂ ಕಲಿಯುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಆಯ ತಪ್ಪಿಸುವ ಹಂಚಿಕೆ ಇದು ಎಂದು ತಿಳಿದ.

ಭಾದ್ರಪದ ಮುಗಿಯುತ್ತ ಬಂದಿತ್ತು. ಹಿಂಗಾರಿ ಜೋಳ ಬಿತ್ತುವ ಕಾಲ. ಕಲ್ಲಣ್ಣನ ಕೂರಿಗೆಯ ಮೇಲಿನ, ಬೀಜ ಬಿಡುವ ಬಟ್ಟಲು ಸೀಳಿತ್ತು. ಹೊಸದು ಹಾಕಿಕೊಡೆಂದು ಆಳಿನ ಕೈಲಿ ಮಾನಪ್ಪನ ಮನೆಗೆ ಕಳಿಸಿದ್ದ. ಸಂಜೆ ಮಾನಪ್ಪ ತಾನೇ ಕೂರಿಗೆಯನ್ನು ಹೆಗಲ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿದ. ಸೀಳಿದ ಬಟ್ಟಲು ಸೀಳಿದ್ದಂತೆಯೇ ಇತ್ತು.

"ಇದೇನ ಮಾನಪ್ಪ?" ಎಂದ ಕಲ್ಲಣ್ಣ.

"ನೀವೇ ಮಾಡ್ಕೋರಿ ಮಾಲಕ್ರ. ಸೊಲ್ಲಾಪುರದಾಗ ಕಲತೀರಿ. ನಮ್ಮ ಹಳ್ಳೀ ಕೈ ನಿಮಗ ಯಾಕ ಬೇಕು?"

"ಏ ಹುಚ್ಚಾ, ಅದು ಶೋಕಿ! ಮನಸಿಗಿ ಖುಷಿ ಅಂತ ಮಾಡಾಕತ್ತೀನಿ."

"ಬೆಕ್ಕಿಗಿ ಚೆಲ್ಲಾಟ, ಇಲಿಗಿ ಪ್ರಾಣಸಂಕಟ," ಎಂದ ಮಾನಪ್ಪ. ಬಡವನಾದರೂ ಅವನಷ್ಟು ಸೊಕ್ಕಿನ ಮನುಷ್ಯ ಊರಲ್ಲಿ ಇನ್ನೊಬ್ಬನಿರಲಿಲ್ಲ. ಆಯ ಬೇಡುವುದಕ್ಕಿಂತ ಬಿಡುವುದು ಅವನಿಗೆ ಸುಲಭ. ತಿರುಗಿ ಹೊರಟವನು ಬಾಗಿಲಲ್ಲಿ ನಿಂತಿದ್ದ ಸೋನಾಬಾಯಿಯನ್ನು ನೋಡಿ ಸುಮ್ಮನೆ ಹೋಗಬಹುದಿತ್ತು. ಹೋಗಲಿಲ್ಲ. "ವೈನಿ, ಹೊಸಾ ಬಟ್ಟಲದಾಗರ ಎಡಗಡಿ ಸಾಲ ದಪ್ಪ ಬರ್ತದೇನ ನೋಡೂನು," ಅಂದ.

ಇದು ಹಳೆಯ ಗಾಯ. ಮೂರು ತಾಳಿನ ಕೂರಿಗೆ ಹೊಲದಲ್ಲಿ ಒಂದೇ ಸಲಕ್ಕೆ ಮೂರು ಸಾಲು ಗೀರುತ್ತದೆ. ಮೇಲಿನ ಬಟ್ಟಲಿಗೆ ಹೆಣ್ಣುಮಕ್ಕಳು ಮುಠ್ಠಿಯಿಂದ ಕಾಳು ಬಿಡುತ್ತ ನಡೆಯುತ್ತಾರೆ. ತಳದ ಮೂರು ತೂತಿನಿಂದ ಕಾಳು ಮೂರು ಬಿದಿರು ಕೊಳವೆಗೆ ಇಳಿದು ಮಣ್ಣು ಸೇರುತ್ತದೆ. ಕಲ್ಲಣ್ಣನ ಹೊಲದಲ್ಲಿ ಎಡಗಡೆಯ ಸಾಲು ಯಾವಾಗಲೂ ತೆಳುವಾಗಿ ಹುಟ್ಟುತ್ತಿತ್ತು. ಬಟ್ಟಲಿನದು ತಪ್ಪು ಎಂದು ಸೋನಾಬಾಯಿ ಹೇಳುತ್ತಿದ್ದಳು. "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ," ಎಂದು ಮಾನಪ್ಪ ಒಮ್ಮೆ ಕಟ್ಟೆಯ ಮೇಲೆ ಹೇಳಿದ್ದ. ಸೋನಾಬಾಯಿಯ ಮುಠ್ಠಿ ಸೊಟ್ಟ ಎಂಬುದು ಅಂದಿನಿಂದ ಊರಿನ ಗಾದೆಯಾಗಿತ್ತು. ಯಾರಿಗೂ ಹೆದರದ ಹೆಂಗಸು ಆ ಒಂದು ಮಾತಿಗೆ ಮಾತ್ರ ಮುಖ ತಿರುವಿ ಒಳಗೆ ಹೋಗುತ್ತಿದ್ದಳು. ಅಂದೂ ಹೋದಳು.

ಆ ವಾರವೇ ಮಳೆ ಹೊಡೆಯಿತು, ಚೆನ್ನಾಗಿಯೇ ಹೊಡೆಯಿತು. ಎರೆಮಣ್ಣು ಹದಕ್ಕೆ ಬಂದಾಗ ಬಿತ್ತಬೇಕು. ಹದ ಆರಿದರೆ ಆ ವರ್ಷ ದನಕ್ಕೆ ಮೇವೂ ಇಲ್ಲ. ಸೋಮವಾರ ಬಿತ್ತನೆಯೆಂದು ಊರೆಲ್ಲ ತಯಾರಾಯಿತು. ಮಾನಪ್ಪನ ಮನೆಗೆ ಹೋಗಿ ಕೈ ಮುಗಿಯಲು ಕಲ್ಲಣ್ಣ ಎರಡು ಸಲ ಚಪ್ಪಲಿ ಮೆಟ್ಟಿದ. ಎರಡು ಸಲವೂ ಸೋನಾಬಾಯಿ ಅಡ್ಡ ನಿಂತಳು.

"ನನ್ನ ಮುಠ್ಠಿಗಿ ಅಂದಾನ ಅಂವ. ಅವನ ಬಟ್ಟಲಕ್ಕ ನಾ ಕೈ ಹಾಕೂದಿಲ್ಲ. ಸಾಲಿಗಿ ಹೊಕ್ಕೀರಲ್ಲ, ನೀವೇ ಮಾಡ್ರಿ."

ಇಷ್ಟು ದಿನ ಇದಕ್ಕಾಗಿಯೇ ಅಲ್ಲವೇ ಅವನು ಚಡಪಡಿಸಿದ್ದು? ಈಗ ಅದು ಎದುರಿಗೆ ಬಂದು ನಿಂತಾಗ ಕಲ್ಲಣ್ಣ ಮೆಟ್ಟಿದ ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕೂತ. ಲಟ್ಟಣಿಗೆ ಕೆಟ್ಟರೆ ಒಲೆ ಊದಬಹುದು. ಬಿತ್ತುವ ಬಟ್ಟಲು ಕೆಟ್ಟರೆ ಹೊಲವೇ ಊರಿಗೆಲ್ಲ ಹೇಳುತ್ತದೆ, ಸುಗ್ಗಿಯವರೆಗೆ ಹೇಳುತ್ತಲೇ ಇರುತ್ತದೆ. ಹೋಗುವುದು ಅವನ ಮಾನವಲ್ಲ, ಅವಳದು.

ರವಿವಾರ ಜಾಲಿಯ ತುಂಡೊಂದನ್ನು ಕಂಕುಳಲ್ಲಿ ಹಿಡಿದು ಛಪ್ಪರಕ್ಕೆ ಓಡಿದ. ಮಾಡಬೇಕಾದ ಬಟ್ಟಲನ್ನು ನೆಲದ ಮೇಲೆ ಗೀರಿ ತೋರಿಸಿದ. ಅಮೃತಪ್ಪ ಕನ್ನಡಕ ಏರಿಸಿ ನೋಡಿ, ಬೈರಿಗೆ ಕೈಗೆತ್ತಿಕೊಂಡ.

"ಆಧೀ ಭೋಕ."

"ಗುರುಗಳ, ಇದಕ್ಕ ನಡಬರಕ ತೂತು ಬ್ಯಾಡ್ರಿ! ಸುತ್ತ ಮೂರು ತೂತು ಬೇಕು, ನಡುವ ಬ್ಯಾಡ!"

"ಮೂರು ಆಮ್ಯಾಲ ಕೊರೀರಿ, ಬೇಕಂದ್ರ ಮೂವತ್ತು ಕೊರೀರಿ. ಆಧೀ ನಡುವಿಂದು. ಇಲ್ಲಾಂದ್ರ ಸರಳಿಗಿ ಹ್ಯಾಂಗ ಕೂಡ್ತದ?"

ಗುರುವಿನ ಮುಂದೆ ಯಾರ ವಾದ ನಡೆದೀತು? ವಕೀಲರೇ ಸೋತಿದ್ದರು. ನಡುವೆ ತೂತು ಬಿತ್ತು. ಕಲ್ಲಣ್ಣ ಊಟ ಬಿಟ್ಟು ತುಳಿದ, ಕೆತ್ತಿದ, ಉಜ್ಜಿದ. ಜಾಲಿ ಗಟ್ಟಿ ಕಟ್ಟಿಗೆ, ಹಿಡಿದ ಹಟ ಬಿಡದು. ಅಂದು ಕಲ್ಲಣ್ಣನೂ ಬಿಡಲಿಲ್ಲ. ಇಳಿಹೊತ್ತಿಗೆ ಬಟ್ಟಲು ದುಂಡಗಾಗಿ ಕೈಗೆ ಬಂತು. ಸುತ್ತಲಿನ ಮೂರು ತೂತು ಕೊರೆದು, ನಡುವಿನದಕ್ಕೆ ಬಿರಡೆ ತಿರುವಿದ. ಅವಸರದಲ್ಲಿ ಬಿರಡೆಯ ತಲೆ ಬುಗುರಿಯಷ್ಟು ದಪ್ಪ ಉಳಿಯಿತು. ಮೇಲಿಂದ ಬಡಿದು ಕೂಡಿಸಿದ. ತಳಕ್ಕೆ ಸಮನಾಗಿ ಆ ತಲೆಯನ್ನು ಕೆತ್ತಿ ತೆಗೆಯಬೇಕೆಂದು ಉಳಿ ಎತ್ತಿದ್ದ. ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ, ವಳಸಂಗದ ಮೇಲೆ ಹಾದುಹೋಗುವ ಅಕ್ಕಲಕೋಟ ಬಸ್ಸಿನ ಹಾರ್ನು ಕೇಳಿತು. ಅದು ಹೋದರೆ ಮುಂದಿನದು ಮರುದಿನವೇ. ಕಲ್ಲಣ್ಣ ಉಳಿ ಬಿಸಾಕಿ, ಬಟ್ಟಲನ್ನು ಎದೆಗವಚಿಕೊಂಡು, ಧೋತರ ಎತ್ತಿ ಓಡಿದ.

ಸೋಮವಾರ ಹೊಲದಲ್ಲಿ ಕೂರಿಗೆಗೆ ಅರಿಸಿನ ಕುಂಕುಮ ಹಚ್ಚಿ, ಖಣ ಸುತ್ತಿ ಪೂಜೆ ಮಾಡಿದರು. ಸೋನಾಬಾಯಿ ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಟ್ಟಲಿನ ಹತ್ತಿರ ಬಂದಳು.

"ಇದೇನ್ರಿ, ನಡಬರಕ ಗುಡಿ ಕಳಸ ಇಟ್ಟೀರಿ?"

"ಶೋಭಾ ಕಾಣ್ಲಿ ಅಂತ," ಎಂದ ಕಲ್ಲಣ್ಣ.

ಅವಳು ಬಗ್ಗಿ ಬಟ್ಟಲಿನ ಅಡಿಗೆ ಕೈ ಹಾಕಿದಳು. ಅವಳ ಹೆಬ್ಬೆರಳು ಅಡಿಯಲ್ಲಿ ತಡಕಾಡಿ, ಬಿರಡೆಯ ಬಾಲದ ಮೇಲೆ ನಿಂತದ್ದನ್ನು ಕಲ್ಲಣ್ಣ ನೋಡಿದ. ಅವಳು ತಲೆ ಎತ್ತಿದಳು, ಇಬ್ಬರ ಕಣ್ಣೂ ಕೂಡಿದವು. ಲಟ್ಟಣಿಗೆಯ ತೂತಿನಿಂದ ತನ್ನನ್ನು ನೋಡಿದ ಕಣ್ಣು ಅದೇ. ಈಗ ಬರುತ್ತದೆ ಮಾತು ಎಂದು ಅವನು ಕುತ್ತಿಗೆ ಕುಗ್ಗಿಸಿದ.

"ಎತ್ತು ಹೂಡ್ರಿ," ಅಂದಳು ಸೋನಾಬಾಯಿ. ಅಷ್ಟೇ ಅಂದಳು.

ಆಳು ಎತ್ತು ಹೊಡೆದ. ಅವಳು ಮುಠ್ಠಿ ಬಟ್ಟಲಿಗೆ ಹಿಡಿದು, ಹಾಡು ಗುನುಗುತ್ತ ಕಾಳು ಬಿಟ್ಟು ನಡೆದಳು. ಕಲ್ಲಣ್ಣ ಬದುವಿನ ಮೇಲೆ ಕೊಡೆ ಬಿಚ್ಚಿ ಕೂತ. ಬಿಸಿಲಿರಲಿಲ್ಲ, ಕೈಗೆ ಏನಾದರೂ ಬೇಕಾಗಿತ್ತು.

ಮಣ್ಣೊಳಗಿನದು ಮೇಲೆ ಬರುವವರೆಗೆ ಯಾರಿಗೂ ಏನೂ ತಿಳಿಯದು. ಆ ದಿನಗಳಲ್ಲಿ ಕಲ್ಲಣ್ಣನಿಗೆ ಅನ್ನ ರುಚಿಸಲಿಲ್ಲ. ಬೆಳಗಾದರೆ ಹೊಲದ ಬದುವಿಗೆ ಹೋಗಿ ನಿಲ್ಲುತ್ತಿದ್ದ. ಅಲ್ಲಿ ಆಗಾಗ ಮಾನಪ್ಪನೂ ಕಾಣುತ್ತಿದ್ದ; ಕಳೆದ ಆಡು ಹುಡುಕಲು ಬಂದೆ ಎನ್ನುತ್ತಿದ್ದ. ಮಾನಪ್ಪ ಆಡು ಸಾಕಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ಮುಖ ಮಾಡಿ ಅದೇ ಮಣ್ಣನ್ನು ನೋಡುತ್ತ ನಿಲ್ಲುತ್ತಿದ್ದರು.

ಕಡೆಗೊಂದು ಬೆಳಿಗ್ಗೆ ಜೋಳ ಮೊಳೆಯಿತು. ಕಲ್ಲಣ್ಣ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಸಾಲಿನ ಉದ್ದಕ್ಕೆ ಕಣ್ಣು ಹಾಯಿಸಿದ. ಬಲಸಾಲು, ನಡುಸಾಲು, ಎಡಸಾಲು, ಮೂರೂ ಒಂದೇ ಸಮ. ಎಡಸಾಲು ಎಲ್ಲಿ ಎಂದು ಹುಡುಕಿದರೂ ಗುರುತು ಸಿಗದಷ್ಟು ಸಮ. ಅವನಿಗೆ ನಂಬಿಕೆಯಾಗದೆ ಹೊಲದ ಆ ಬದಿಗೆ ಹೋಗಿ ಮತ್ತೆ ಕೂತ. ಅಲ್ಲಿಂದಲೂ ಹಾಗೆಯೇ ಕಂಡಿತು. ಹಿಂದೆ ಯಾರೋ ನಿಟ್ಟುಸಿರು ಬಿಟ್ಟರು. ಮಾನಪ್ಪ.

"ಬಟ್ಟಲ ತೋರಸ್ರಿ," ಎಂದ.

ಮನೆಯ ಅಂಗಳದಲ್ಲಿ ಮಾನಪ್ಪ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡ. ಒಂದು ಹಿಡಿ ಜೋಳ ಕೇಳಿ ಪಡೆದು ಮೇಲಿಂದ ಬಿಟ್ಟ. ಕಾಳು ಬಿರಡೆಯ ಬುಗುರಿ ತಲೆಗೆ ಬಡಿದು ಸುತ್ತಲೂ ಚೆದುರಿ, ಮೂರು ತೂತಿಗೂ ಹಂಚಿಕೊಂಡು ಹೋಯಿತು. ಎಡಕ್ಕೆ ಬಿಟ್ಟ, ಬಲಕ್ಕೆ ಬಿಟ್ಟ. ಮುಠ್ಠಿ ಹೇಗೆ ಹಿಡಿದರೂ ಹಂಚಿಕೆ ಒಂದೇ. ಅವನ ಅಪ್ಪ ಅಜ್ಜಂದಿರು ಮಾಡಿದ ಬಟ್ಟಲುಗಳ ತಳವೆಲ್ಲ ಚಪ್ಪಟೆ. ಅಲ್ಲಿ ಕಾಳು ಬಿದ್ದಲ್ಲೇ ಕೂತು, ಹತ್ತಿರದ ತೂತು ಹುಡುಕಿಕೊಳ್ಳುತ್ತಿತ್ತು. ಮಾನಪ್ಪ ಬಹಳ ಹೊತ್ತು ಆ ಗುಬುಟನ್ನು ಹೆಬ್ಬೆರಳಿನಿಂದ ಸವರಿದ.

"ಇದನ್ನ ನಡುವ ಕೂಡ್ಸಬೇಕಂತ ನಿಮಗ ಯಾರ ಹೇಳಿದ್ರು?"

ಕಲ್ಲಣ್ಣ ಬಾಯಿ ತೆರೆದ. ತೂತು, ಸರಳು, ಬಸ್ಸಿನ ಹಾರ್ನು, ಎಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಸುಳ್ಳು ಹೇಳುವ ರೂಢಿ ಅವನಿಗೆ ಇರಲಿಲ್ಲವೆಂದು ಮೊದಲೇ ಹೇಳಿದ್ದೇನಷ್ಟೆ.

"ಅವ್ರದು ಕಲತ ಕೈ," ಎಂದು ಬಾಗಿಲಿಂದ ಸೋನಾಬಾಯಿ ಹೇಳಿದಳು. "ಯಾರ ಯಾಕ ಹೇಳಬೇಕು? ಮತ್ತ ಮಾನಪ್ಪ, ಡೊಂಕ ಇದ್ದದ್ದು ನೆಲಾನೋ ಕುಣಿಯಾಕೀನೋ, ಈಗರ ತಿಳೀತಿಲ್ಲೋ?"

ಮಾನಪ್ಪ ತಲೆ ಬಗ್ಗಿಸಿದ. ಆಮೇಲೆ ನಕ್ಕ. ನಗು ಬಂದ ಮೇಲೆ ಅವನ ಮುಖ ಎಳೆಯದಾಗಿ ಕಂಡಿತು. "ತಿಳೀತ್ರಿ ವೈನಿ."

"ಮಾನಪ್ಪ," ಎಂದ ಕಲ್ಲಣ್ಣ, "ಬಸವಣ್ಣನ ಆಣಿ, ಆಯ ತಪ್ಪಸಾಕ ಅಲ್ಲೋ ಇದು. ನನ್ನ ಕೈಗಿ ಏನರ ಬರ್ತದೋ ಇಲ್ಲೋ ಅಂತ ನೋಡೂದಿತ್ತು. ಉಳಿದ ಕೂರಿಗಿ, ನೇಗಿಲ ಎಲ್ಲಾ ನಿಂದೇ. ನಂದು ಇದೊಂದು."

ಮಾನಪ್ಪ ಹೋಗುವಾಗ ಅಂಗಳದಲ್ಲಿ ಬಿದ್ದಿದ್ದ ಕುಂಟೆಯ ಮುರಿದ ಹಿಡಿಕೆಯನ್ನು, ಯಾರೂ ಹೇಳದಿದ್ದರೂ, ಹೆಗಲಿಗೆ ಏರಿಸಿಕೊಂಡು ಹೋದ.

ಮಾಘ ಕಳೆದು ಕಣದಲ್ಲಿ ಮುತ್ತಿನಂಥ ಜೋಳದ ರಾಶಿ ಬಿತ್ತು. ಕಲ್ಲಣ್ಣ ರೀತಿಯ ಪ್ರಕಾರ ಮಾನಪ್ಪನ ಆಯ ಅಳೆಸಿದ. ಮಾನಪ್ಪ ಅದನ್ನು ಕಂಬಳಿಯಲ್ಲಿ ಗಂಟು ಕಟ್ಟಿದ, ಎತ್ತಲು ಬಗ್ಗಿದ, ಏನೋ ನೆನಪಾದವನಂತೆ ಗಂಟು ಬಿಚ್ಚಿದ. ಎರಡೂ ಕೈ ಕೂಡಿಸಿ ಒಂದು ಬೊಗಸೆ ಜೋಳ ಎತ್ತಿ ಕಲ್ಲಣ್ಣನ ಮುಂದೆ ಹಿಡಿದ.

"ಉಪರಣಿ ಹಿಡೀರಿ ಮಾಲಕ್ರ."

"ಇದೇನೋ?"

"ನಿಮ್ಮ ಆಯ. ಊರ ಮಂದಿ ಎಲ್ಲಾ ನಡುವ ಗುಬುಟ ಇದ್ದ ಬಟ್ಟಲ ಬೇಕಂತ ಕೂತಾರ. ನಾ ಉಳೀಲೆ ಕೆತ್ತಿ ಮಾಡಾಕತ್ತೀನಿ, ಖರೆ ಅದು ನಿಮ್ಮ ಕೈಯಿಂದ ಬಂದದ್ದು. ಕೈ ಯಾರ್ದೋ ಆಯ ಅವ್ರಿಗಿ. ರೀತಿ ಅಂದ್ರ ರೀತಿ."

ಹುಟ್ಟಿದಾಗಿನಿಂದ ಕಲ್ಲಣ್ಣ ಆಯ ಕೊಟ್ಟೇ ಗೊತ್ತು. ಬಡಿಗನಿಗೆ, ಕಂಬಾರನಿಗೆ, ಕುಂಬಾರನಿಗೆ ಮೊರಗಟ್ಟಲೆ ಕೊಟ್ಟಿದ್ದ. ಈಗ ಹೆಗಲ ಮೇಲಿನ ಉಪರಣೆ ತೆಗೆದು ಎರಡೂ ಕೈಯಿಂದ ಚಾಚಿದ. ಕಣದ ತುಂಬ ಬಿದ್ದಿದ್ದ ತನ್ನದೇ ರಾಶಿಗಿಂತ ಆ ಒಂದು ಬೊಗಸೆ ಭಾರವಾಗಿತ್ತು. ಆಳು ಎತ್ತಿಕೊಳ್ಳಲು ಬಂದರೆ ಗದರಿಸಿ ಕಳಿಸಿ, ತಾನೇ ಎದೆಗೆ ಹಿಡಿದು ಮನೆಗೆ ತಂದ.

ಸೋನಾಬಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಆ ಜೋಳವನ್ನು ಹಗೇವಿಗೆ ಸುರಿಯಲಿಲ್ಲ, ಡಬ್ಬಿಯ ಹಿಟ್ಟಿನಲ್ಲಿ ಬೆರೆಸಲಿಲ್ಲ. ಬೇರೆಯಾಗಿ ಕೇರಿ, ಬೀಸುಕಲ್ಲಿಗೆ ಹಾಕಿ ತಾನೇ ಬೀಸಿದಳು. ಒಲೆಯ ಮುಂದೆ ಕೂತು ಲಟ್ಟಣಿಗೆಯಿಂದ ಊದಿ ಬೆಂಕಿ ಮಾಡಿದಳು. ಇದ್ದ ಹಿಟ್ಟಿನಲ್ಲಿ ಒಂದೇ ಒಂದು ರೊಟ್ಟಿ ಆಗುವಂತಿತ್ತು. ತಟ್ಟಿ ಹಂಚಿಗೆ ಹಾಕಿದಳು, ಅದು ಬುಸ್ಸೆಂದು ಉಬ್ಬಿತು.

ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಗಂಡನ ಮುಂದೆ ಇಟ್ಟಳು. ಕಲ್ಲಣ್ಣ ಕಾದ. ಮೂವತ್ತು ವರ್ಷದ ಅಭ್ಯಾಸ. ಮಾತು ಬಂದೇ ಬರುತ್ತದೆಂದು ಕಾದ. ಬರಲಿಲ್ಲ. ಅವನು ಮುರಿಯಲು ಕೈ ಚಾಚಿದಾಗ ಎದುರಿಗೆ ಬಳೆ ಸದ್ದಾಯಿತು. ಅವನು ಉಂಡು ಎದ್ದ ಮೇಲೆಯೇ ಉಣ್ಣುತ್ತಿದ್ದ ಸೋನಾಬಾಯಿ ಚಕ್ಕಳಮಕ್ಕಳ ಹಾಕಿ ಅವನೆದುರು ಕೂತಿದ್ದಳು. ರೊಟ್ಟಿಯನ್ನು ನಡುವೆ ಸರಿಯಾಗಿ ಮುರಿದು ಒಂದು ಪಾಲು ತನ್ನ ಕೈಗೆ ತೆಗೆದುಕೊಂಡಳು.

"ಅರ್ಧ ನಂದು," ಅಂದಳು. "ಬಟ್ಟಲ ನಿಮ್ದಿದ್ರೂ ಮುಠ್ಠಿ ನಂದಿತ್ತು."